ಕಾದಂಬರಿಯ ದೃಶ್ಯಕ್ಕೆ ಬಿಗಿ ಬರುವುದು ಹೇಗೆ?

ಪ್ರಶ್ನೆ: ಕಾದಂಬರಿಯ ಕೆಲವು ದೃಶ್ಯಗಳು ಓದುಗರನ್ನು ಕದಲದಂತೆ ಕೂರಿಸುತ್ತವೆ, ಕೆಲವು ಆಕಳಿಕೆ ತರಿಸುತ್ತವೆ. ಏಕೆ?

ದೃಶ್ಯಕ್ಕೆ ಬಿಗಿ ತರುವುದು ಪಾತ್ರದ ಬಯಕೆ ಮತ್ತು ಅದಕ್ಕಿರುವ ಅಡ್ಡಿ. ಪಾತ್ರಕ್ಕೆ ಆ ಹೊತ್ತಿನಲ್ಲೇ ಏನೋ ಬೇಕಿರುತ್ತದೆ; ಯಾರೋ ಅಡ್ಡ ನಿಂತಿರುತ್ತಾರೆ; ಹೊತ್ತು ಮೀರುತ್ತಿರುತ್ತದೆ. ಕಬಡ್ಡಿಯಲ್ಲಿ ದಾಳಿಗೆ ಹೋದವನು ಉಸಿರು ಮುಗಿಯುವುದರೊಳಗೆ ಎದುರಾಳಿಯನ್ನು ಮುಟ್ಟಿ ಗೆರೆಗೆ ಮರಳಬೇಕಲ್ಲ, ಹಾಗೆ. ಉಸಿರಿನ ಮಿತಿ ಇಲ್ಲದಿದ್ದರೆ ಅದು ಬರೀ ಓಡಾಟ.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಇದಕ್ಕೆ ಒಳ್ಳೆಯ ಉದಾಹರಣೆ. ದೂರ್ವಾಸಪುರದ ಅಗ್ರಹಾರದಲ್ಲಿ ಆಚಾರ ಬಿಟ್ಟ ನಾರಣಪ್ಪ ಸಾಯುತ್ತಾನೆ. ಶವಸಂಸ್ಕಾರ ಯಾರು ಮಾಡಬೇಕು? ಮಾಡಿದರೆ ಬ್ರಾಹ್ಮಣ್ಯ ಕೆಟ್ಟೀತೆಂಬ ಭಯ, ಮಾಡದೆ ಉಣ್ಣುವಂತಿಲ್ಲ. ಹಸಿವೆ ಮತ್ತು ಕೊಳೆಯತೊಡಗುವ ಹೆಣ ಎರಡೂ ಸೇರಿ ಗಡುವು ಹಾಕುತ್ತವೆ. ಅಷ್ಟರಲ್ಲಿ ನಾರಣಪ್ಪನ ಸಂಗಾತಿ ಚಂದ್ರಿ ಖರ್ಚಿಗೆಂದು ತನ್ನ ಒಡವೆ ಬಿಚ್ಚಿಡುತ್ತಾಳೆ. ಒಂದೇ ಕ್ರಿಯೆ, ಹಿಂಜರಿಯುತ್ತಿದ್ದವರಲ್ಲಿ ಆಸೆ ಎದ್ದು ಲೆಕ್ಕಾಚಾರವೇ ಬದಲಾಗುತ್ತದೆ. ಅವರು ಲೋಭಿಗಳೆಂದು ಲೇಖಕ ವಿವರಿಸಬೇಕಿಲ್ಲ, ಓದುಗರಿಗೇ ಕಾಣುತ್ತದೆ.

ಹೀಗೆ ದೃಶ್ಯ ಮುಗಿಯುವ ಹೊತ್ತಿಗೆ ಏನಾದರೊಂದು ಬದಲಾಗಿರಲೇಬೇಕು. ಬದಲಾಗದಿದ್ದರೆ ಆ ಪುಟಗಳನ್ನು ಕಿತ್ತುಹಾಕಿದರೂ ಕಥೆಗೆ ನಷ್ಟವಿಲ್ಲ. (ಹೊಸಬರ ಹಸ್ತಪ್ರತಿಗಳಲ್ಲಿ ಬಾಗಿಲು ತೆರೆದು, ಕುಶಲ ಕೇಳಿ, ಕಾಫಿ ಕುಡಿಯುವ ಪುಟಗಳು ಹೆಚ್ಚಾಗಿ ಇಂಥವೇ.) ಪಳಗಿದ ಲೇಖಕರು ಜಗಳ ಶುರುವಾದ ಮೇಲೆ ಒಳಹೊಕ್ಕು, ಪೂರ್ತಿ ತೀರುವ ಮೊದಲೇ ಹೊರಬರುತ್ತಾರೆ. ಬಾಕಿ ಉಳಿದ ಪ್ರಶ್ನೆಯೇ ಓದುಗರನ್ನು ಮುಂದಿನ ಪುಟಕ್ಕೆ ಒಯ್ಯುತ್ತದೆ.