ಹಳೆಯ ಜೀನಿಗೆ ಎಣ್ಣೆಯ ಅಭ್ಯಂಜನ ಬೇಡ

ಅಟ್ಟದಿಂದ ಹಳೆಯ ಜೀನೊಂದು ಕೆಳಗಿಳಿದ ದಿನವೇ ಅದಕ್ಕೆ ಎಣ್ಣೆಯ ಅಭ್ಯಂಜನ ಆಗಿಬಿಡುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇದ್ದರೆ ಅದು, ಇಲ್ಲದಿದ್ದರೆ ಹರಳೆಣ್ಣೆ. ಸ್ವಲ್ಪ ತಿಳಿದವರಾದರೆ ದನದ ಕಾಲಿನ ಮೂಳೆಯಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆ ತರಿಸುತ್ತಾರೆ. ಚರ್ಮ ಒಣಗಿದೆ, ಎಷ್ಟು ಬೇಕೋ ಅಷ್ಟು ಕುಡಿಯಲಿ ಎಂಬ ಲೆಕ್ಕ. ಸಂಜೆಯೊಳಗೆ ಜೀನು ಕಪ್ಪಗೆ ಮಿರಮಿರ ಮಿಂಚುತ್ತದೆ, ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಆ ಹೊಳಪು ಕಂಡರೆ ಸಂಕಟ. ಉಪೇಕ್ಷೆಯಿಂದ ಕೆಟ್ಟ ಜೀನುಗಳಿಗಿಂತ ಇಂಥ ಉಪಚಾರದಿಂದ ಕೆಟ್ಟವೇ ಹೆಚ್ಚು ಎಂಬುದು ನನ್ನ ಅನಿಸಿಕೆ.

ಹದ ಮಾಡಿದ ಚರ್ಮಕ್ಕೆ ಜೀವವಿಲ್ಲ, ಅದಕ್ಕೆ ಆಹಾರವೂ ಬೇಕಿಲ್ಲ. ಎಣ್ಣೆ ಮಾಡುವ ಕೆಲಸ ಒಂದೇ: ಒಳಗಿನ ಎಳೆಗಳು ಒಂದರ ಮೇಲೊಂದು ಉಜ್ಜಿ ಹರಿಯದೆ, ಬಾಗಿದಾಗ ಜಾರುವಂತೆ ನೋಡಿಕೊಳ್ಳುವುದು. ಅದಕ್ಕೆ ಸ್ವಲ್ಪವೇ ಸಾಕು. ಅತಿಯಾದರೆ ಎಳೆಗಳು ಸಡಿಲವಾಗಿ ಪಟ್ಟಿಗಳು ಎಳೆದಷ್ಟೂ ಉದ್ದವಾಗುತ್ತವೆ, ಹೊಲಿಗೆಯ ತೂತುಗಳು ಅಗಲವಾಗುತ್ತವೆ. ಹಿಡಿಯಲಾರದ ಕೊಬ್ಬನ್ನು ಚರ್ಮ ಕೆಲವು ತಿಂಗಳ ಮೇಲೆ ಹೊರಗೆ ಹಾಕುತ್ತದೆ. ಆಗ ಮೇಲ್ಮೈಯಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಅದನ್ನು ಬೂಷ್ಟು ಎಂದುಕೊಂಡು ಬಿಸಿಲಿಗೆ ಹಾಕಿ, ಮತ್ತೆ ಎಣ್ಣೆ ಹಚ್ಚುವವರಿದ್ದಾರೆ. ಪರೀಕ್ಷೆ ಸುಲಭ. ಕೂದಲು ಒಣಗಿಸುವ ಯಂತ್ರದ ಬೆಚ್ಚನೆಯ ಗಾಳಿಯನ್ನು ದೂರದಿಂದ ಒಂದು ಮೂಲೆಗೆ ಹಿಡಿಯಿರಿ. ಬಿಳುಪು ಕರಗಿ ಮಾಯವಾದರೆ ಕೊಬ್ಬು, ಹಾಗೇ ಉಳಿದರೆ ಬೂಷ್ಟು.

ಹಿತ್ತಾಳೆಯ ಮೊಳೆ, ಬಕಲುಗಳ ಸುತ್ತ ಹಸಿರು ಮೇಣದ ಹಾಗೆ ಮೆತ್ತಿಕೊಳ್ಳುವ ಕಿಲುಬಿಗೂ ಇದೇ ಎಣ್ಣೆ ಕಾರಣ. ಚರ್ಮದ ಕೊಬ್ಬಿನಾಮ್ಲ ತಾಮ್ರದೊಂದಿಗೆ ಸೇರಿ ಅದು ಹುಟ್ಟುತ್ತದೆ. ಮರದ ಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿದರೆ ಬರುತ್ತದೆ. ಎಣ್ಣೆ ನಿಲ್ಲಿಸದಿದ್ದರೆ ಮುಂದಿನ ವರ್ಷ ಮತ್ತೆ ಹಾಜರ್. ಅಗಸೆ ಎಣ್ಣೆಯಂತೂ ಒಣಗಿ ಗಟ್ಟಿ ಪದರವಾಗುತ್ತದೆ, ಅದನ್ನು ಜೀನಿನ ಹತ್ತಿರಕ್ಕೂ ಸೇರಿಸಬಾರದು. ಕೊಬ್ಬರಿ ಎಣ್ಣೆಯೂ ಸಲ್ಲದು, ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ.

ಸ್ಯಾಡಲ್ ಸೋಪು ಎಂಬ ಹೆಸರೇ ಭರವಸೆ ಕೊಡುವಂಥದ್ದು. ಆದರೆ ಸಾಂಪ್ರದಾಯಿಕ ಸ್ಯಾಡಲ್ ಸೋಪು ಕ್ಷಾರ, ತೊಗಟೆಯಿಂದ ಹದ ಮಾಡಿದ ಚರ್ಮ ಆಮ್ಲ ಗುಣದ್ದು. ದಿನವೂ ಸವಾರಿಗೆ ಹೋಗುವ ಗಟ್ಟಿಮುಟ್ಟಾದ ಜೀನು ಈ ಸೋಪನ್ನು ತಾಳಿಕೊಂಡೀತು, ನೂರು ವರ್ಷದ ಚರ್ಮ ತಾಳುವುದಿಲ್ಲ. ಮೆತ್ತನೆಯ ಒಣ ಬ್ರಷ್ಷಿನಿಂದ ಮಣ್ಣು ತೆಗೆದು, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಆರಲು ಬಿಟ್ಟು, ಚರ್ಮದ ಕ್ರೀಮನ್ನು ಬೆರಳ ತುದಿಯಷ್ಟು ತೆಗೆದುಕೊಂಡು ಒಳಮೈಗೆ ತಿಕ್ಕಿದರೆ ಸಾಕು. ಇನ್ನೊಂದು ಸಲ ಬೇಕೇ ಎಂಬುದನ್ನು ಮರುದಿನ ನೋಡಿ ನಿರ್ಧರಿಸಬಹುದು.

ಆ ಒದ್ದೆ ಬಟ್ಟೆ ಮುಟ್ಟಿಸುವ ಮೊದಲು ಬೆರಳಿನಿಂದ ಚರ್ಮವನ್ನೊಮ್ಮೆ ಸವರಿ ನೋಡಬೇಕು. ಇಟ್ಟಿಗೆಯ ಬಣ್ಣದ ಪುಡಿ ಅಂಟಿಕೊಂಡರೆ ಅದು ಒಣಗಿದ್ದರ ಲಕ್ಷಣವಲ್ಲ, ರೋಗ. ರೆಡ್ ರಾಟ್ ಎಂದು ಕರೆಯುತ್ತಾರೆ. ಗಾಳಿಯಲ್ಲಿನ ಗಂಧಕದ ಹೊಗೆ ಚರ್ಮದೊಳಗೆ ಸೇರಿ ಆಮ್ಲವಾಗಿ ಎಳೆಗಳನ್ನು ಕತ್ತರಿಸಿ ಹಾಕಿರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಪುಸ್ತಕಗಳ ಚರ್ಮದ ರಟ್ಟು ಹೀಗೆ ಉದುರತೊಡಗಿದಾಗ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಮಿತಿಯೊಂದನ್ನು ನೇಮಿಸಿತು. ಅದರ ವರದಿ 1905ರಲ್ಲಿ ಪುಸ್ತಕವಾಗಿ ಬಂತು. ಹದಕ್ಕೆ ಯಾವ ತೊಗಟೆ ಬಳಸಿದ್ದಾರೆ ಎಂಬುದರ ಮೇಲೆ ಚರ್ಮದ ಆಯುಸ್ಸು ನಿಂತಿದೆ ಎಂಬುದು ಆಗ ಗೊತ್ತಾಯಿತು. ನಮ್ಮ ಜಾಲಿ, ತಂಗಡಿ ತೊಗಟೆಗಳ ಒಗರು ಈ ಕೊಳೆತಕ್ಕೆ ಬೇಗ ತುತ್ತಾಗುವ ಬಗೆಯದು. ರೆಡ್ ರಾಟ್ ಹಿಡಿದ ಚರ್ಮಕ್ಕೆ ನೀರು ತಾಗಿದರೆ ಕಪ್ಪಾಗಿ ಬಿರುಸಾಗುತ್ತದೆ. ಎಣ್ಣೆ ಅದನ್ನು ವಾಪಸು ತರಲಾರದು. ಕ್ಲೂಸೆಲ್ ಜಿ ಎಂಬ ಸೆಲ್ಯುಲೋಸ್ ಅಂಟನ್ನು ಆಲ್ಕೋಹಾಲಿನಲ್ಲಿ ಕರಗಿಸಿ ಹಚ್ಚಿ ಪುಡಿ ಉದುರುವುದನ್ನು ತಡೆಯಬಹುದು. ಅಲ್ಲಿಗೆ ಅದರ ಸವಾರಿಯ ಕಾಲ ಮುಗಿಯಿತು.

ಮಲೆನಾಡಿನ ಮಳೆಗಾಲದಲ್ಲಿ ನಿಜವಾದ ಬೂಷ್ಟು ಹಿಡಿದರೆ ಅದಕ್ಕೂ ಬಿಸಿಲು ಮದ್ದಲ್ಲ, ಚರ್ಮ ಸುರುಟಿಕೊಳ್ಳುತ್ತದೆ. ಹೊರಗೆ ನೆರಳಲ್ಲಿ ಬ್ರಷ್ಷು ಮಾಡಿ, ಗಾಳಿಯಾಡುವ ಕಡೆ ಹತ್ತಿ ಬಟ್ಟೆ ಹೊದಿಸಿಡಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ಇನ್ನು ಗುರುತು ಹಿಡಿಯುವ ಮಾತು. ಲೋಹದ ಮೇಲಿನ ಮುದ್ರೆ ಓದಿ ಜೀನಿನ ವಯಸ್ಸು ಹೇಳುವವರು ಬಹಳ. ರಿಕಾಬು ಸಿಕ್ಕಿಸುವ ಕಬ್ಬಿಣದ ಕೊಂಡಿಯ ಮೇಲಿರುವುದು ಆ ಕೊಂಡಿ ಮಾಡಿದವರ ಹೆಸರು. ಇಂಗ್ಲೆಂಡಿನ ವಾಲ್ಸಾಲ್ ಪಟ್ಟಣದಲ್ಲಿ ಕೊಂಡಿ, ಬಕಲು, ಕಡಿವಾಣ ಮಾಡುವವರೇ ಬೇರೆ, ಜೀನು ಹೊಲಿಯುವವರೇ ಬೇರೆ. ಜೀನಿನ ಪಕ್ಕದ ರೆಕ್ಕೆಯ ಮೇಲಿನ ಹೆಸರು ಮಾರಿದ ಅಂಗಡಿಯದ್ದೂ ಇರಬಹುದು. ಪೇಟೆಂಟ್ ವರ್ಷ ಕಂಡರೆ ಅದಕ್ಕಿಂತ ಹಳೆಯದಲ್ಲ ಎನ್ನಬಹುದು, ಅಷ್ಟೇ.

ಸೇನೆಯ ಜೀನುಗಳ ಮೇಲಿನ ಬಾಣದ ಗುರುತಿನದು ಇನ್ನೊಂದು ಕಥೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಕಾಳಗದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಹೋರಾಡಿದರು ಎಂಬ ಹೆಮ್ಮೆ ನಮಗಿದೆ. ಹಾಗೆಂದು ಬಾಣವೊಂದನ್ನೇ ನಂಬಿ ಜೀನನ್ನು ಹೈಫಾಕ್ಕೆ ಒಯ್ಯುವಂತಿಲ್ಲ. ಆ ಬಾಣ ಬ್ರಿಟಿಷ್ ಸರ್ಕಾರದ ಆಸ್ತಿ ಎಂಬುದರ ಗುರುತು, ಕೈದಿಗಳ ಅಂಗಿಯ ಮೇಲೂ ಇರುತ್ತಿತ್ತು. ಕೆನಡಾದವರು ಬಾಣವನ್ನು ಸಿ ಅಕ್ಷರದೊಳಗೆ ಇಡುತ್ತಿದ್ದರು, ಆಸ್ಟ್ರೇಲಿಯದವರು ಎರಡು ಡಿ ಅಕ್ಷರಗಳ ನಡುವೆ. ದಳ ತಿಳಿಯಬೇಕಾದರೆ ರೆಜಿಮೆಂಟಿನ ಅಕ್ಷರ, ಸಂಖ್ಯೆ ಹುಡುಕಬೇಕು. ಕಾಲ ತಿಳಿಯಬೇಕಾದರೆ ರಚನೆ ನೋಡಬೇಕು. ಬ್ರಿಟಿಷ್ ಸೇನೆಯ ಯೂನಿವರ್ಸಲ್ ಪ್ಯಾಟರ್ನ್ ಜೀನಿನಲ್ಲಿ ಎರಡು ಮರದ ಹಲಗೆಗಳನ್ನು ಮುಂದೆ ಹಿಂದೆ ಉಕ್ಕಿನ ಕಮಾನು ಹಿಡಿದಿರುತ್ತದೆ. 1912ರ ಮಾದರಿಯಲ್ಲಿ ಆ ಹಲಗೆಗಳು ತಿರುಗಣೆಯ ಮೇಲೆ ಆಡುತ್ತವೆ. ಯುದ್ಧದಲ್ಲಿ ಕುದುರೆ ಸೊರಗಿದರೂ ಜೀನು ಬೆನ್ನಿಗೆ ಕೂರಲಿ ಎಂದು ಮಾಡಿದ ಏರ್ಪಾಡು ಅದು. ತಿಳಿಯದವರು ಹಲಗೆ ಅಲ್ಲಾಡುವುದು ಕಂಡು ಮುರಿದಿದೆ ಎಂದು ವೆಲ್ಡಿಂಗ್ ಮಾಡಿಸಿಬಿಟ್ಟರೆ ಅದರ ಜೀವವೇ ಹೋದಂತೆ.

ಅಮೆರಿಕದ ಮೆಕ್ಲೆಲನ್ ಜೀನಿನ ಆಸನದ ನಡುವೆ ಉದ್ದಕ್ಕೂ ಇರುವ ಸಂದಿ ಸವಾರನ ಸುಖಕ್ಕೆ ಎನ್ನುತ್ತಾರೆ. ಅದು ಇರುವುದು ಕುದುರೆಯ ಬೆನ್ನೆಲುಬಿನ ಮೇಲೆ ಭಾರ ಬೀಳದೆ ಗಾಳಿಯಾಡಲಿ ಎಂದು. ಈ ಜೀನು 1859ರಲ್ಲಿ ಸೇನೆಗೆ ಬಂತು, ಆದ್ದರಿಂದ ಸಿಕ್ಕಿದ್ದೆಲ್ಲ ಅಂತರ್ಯುದ್ಧದ ಕಾಲದ್ದು ಎಂದು ಮಾರುತ್ತಾರೆ. ಆ ಕಾಲದವುಗಳಲ್ಲಿ ಚೌಕಟ್ಟಿಗೆ ಬಿಗಿದ ಹಸಿ ತೊಗಲೇ ಹೊರಗೆ ಕಾಣುತ್ತಿತ್ತು. ಕಂದು ಚರ್ಮ ಹೊದಿಸಿದ್ದು 1904ರ ಮಾದರಿ. ಹೆಂಗಸರು ಒಂದೇ ಬದಿಗೆ ಕಾಲು ಹಾಕಿ ಕೂರುವ ಜೀನಿನಲ್ಲಿ ಎಡತೊಡೆಯ ಮೇಲೆ ಬಾಗುವ ಎರಡನೇ ಕೊಂಬು ಇದ್ದರೆ ಅದು 1830ಕ್ಕಿಂತ ಹಳೆಯದಲ್ಲ.

ಕಾನ್ಪುರದ ಜೀನು ಎಂದರೆ ವಿಲಾಯತಿಯ ಅಗ್ಗದ ನಕಲು ಎಂಬ ಮಾತಿಗೂ ನನ್ನ ಒಪ್ಪಿಗೆಯಿಲ್ಲ. 1860ರ ದಶಕದಿಂದ ಅಲ್ಲಿ ಸೇನೆಯದೇ ಜೀನಿನ ಕಾರ್ಖಾನೆ ಇತ್ತು. ಕಾನ್ಪುರದ ಜೀನುಗಾರಿಕೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಊರ ಹೆಸರು ಬಿಟ್ಟು ಚರ್ಮ, ಹೊಲಿಗೆ ನೋಡಿ ಬೆಲೆ ಕಟ್ಟಬೇಕು.

ಜೀನಿನ ಪ್ರಾಣ ಇರುವುದು ಒಳಗಿನ ಚೌಕಟ್ಟಿನಲ್ಲಿ. ಸವಾರರು ಅದನ್ನು ಟ್ರೀ ಎನ್ನುತ್ತಾರೆ. ಮೇಲೆ ಚರ್ಮ ಚೆಂದವಿದ್ದರೆ ಜೀನು ಚೆನ್ನಾಗಿದೆ ಎಂಬ ನಂಬಿಕೆಗೆ ಬೆಲೆ ತೆರುವುದು ಕುದುರೆ. ಇಂಗ್ಲಿಷ್ ಜೀನಾದರೆ ತೊಡೆಯ ಮೇಲಿಟ್ಟುಕೊಂಡು ಮುಂಭಾಗವನ್ನು ಹೊಟ್ಟೆಗೆ ಒತ್ತಿ, ಹಿಂಬದಿಯ ದಿಣ್ಣೆಯನ್ನು ಎರಡೂ ಕೈಯಿಂದ ನಿಮ್ಮತ್ತ ಎಳೆಯಿರಿ. ಸ್ಪ್ರಿಂಗ್ ಇರುವ ಚೌಕಟ್ಟು ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಿದ್ದೆಲ್ಲ ಮುರಿದದ್ದು ಎಂದು ಹೆದರಬೇಕಿಲ್ಲ. ಒಂದೇ ಮಗ್ಗುಲು ಬಾಗಿದರೆ, ಕಿರ್ರೆಂದರೆ, ಆಸನಕ್ಕೆ ಅಡ್ಡಲಾಗಿ ಆಳದ ಮಡಿಕೆ ಬಿದ್ದರೆ ಮುರಿದಿದೆ. ಆಮೇಲೆ ಮುಂದಿನ ಕಮಾನಿನ ಎರಡು ತುದಿ ಹಿಡಿದು ಒಳಕ್ಕೂ ಹೊರಕ್ಕೂ ಒತ್ತಿ. ಅಲ್ಲಿ ಕೂದಲೆಳೆಯಷ್ಟು ಅಲುಗಾಡಿದರೂ ಸವಾರಿ ಕೂಡದು. ಒಡೆದ ಮರಕ್ಕೆ ಅಂಟು ಹಾಕಿ ಗೋಡೆಗೆ ತೂಗುಹಾಕಬಹುದು, ಕುದುರೆಗೆ ಹೊರಿಸಬಾರದು.

ಹೊಂದದ ಜೀನಿಗೆ ದಪ್ಪ ಪ್ಯಾಡ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ದಾರ ಸುತ್ತುವುದು ಸಡಿಲ ಉಂಗುರಕ್ಕೆ, ಬಿಗಿಯಾದ ಉಂಗುರಕ್ಕೆ ಸುತ್ತಿದರೆ ಬೆರಳೇ ಬಾತೀತು. ಬೆವರಿದ ಬೆನ್ನಿನಲ್ಲಿ ಜೀನಿನಡಿ ಅಂಗೈಯಗಲ ಒಣಗಿದ ಜಾಗ ಕಂಡರೆ ಅಲ್ಲಿ ಒತ್ತಡ ಹೆಚ್ಚಾಗಿದೆಯೇ ಎಂದು ನೋಡಬೇಕು. ಮುಂದೆ ಅಂಥಲ್ಲಿ ಬಿಳಿ ಕೂದಲು ಹುಟ್ಟುತ್ತದೆ. ಜೀನಿನಡಿಯ ಪ್ಯಾನೆಲ್ಲಿಗೆ ಉಣ್ಣೆಯನ್ನು ಉಬ್ಬುವಷ್ಟು ಗಿಡಿದು ತುಂಬುವುದೂ ತಪ್ಪು, ಉಬ್ಬಿದ ದಿಂಡು ಕಿರಿದಾದ ಗೆರೆಯ ಮೇಲೆ ಮಾತ್ರ ಕೂರುತ್ತದೆ. ಹಾಸಿಗೆಯ ಅರಳೆ ತುಂಬಿದರೆ ಬೆವರಿಗೆ ಗಂಟುಕಟ್ಟುತ್ತದೆ.

ದಾರದ ವಿಷಯದಲ್ಲಿ ಗಟ್ಟಿಯಾದದ್ದೇ ಒಳ್ಳೆಯದು ಎಂಬುದು ಅಪಾಯದ ನಂಬಿಕೆ. ನೈಲಾನ್ ದಾರ ಹರಿಯುವುದಿಲ್ಲ, ಹಳೆಯ ಚರ್ಮವನ್ನೇ ಗರಗಸದಂತೆ ಕೊಯ್ಯುತ್ತದೆ. ಜೇನುಮೇಣ ತೀಡಿದ ಲಿನನ್ ದಾರದ ಎರಡು ತುದಿಗೂ ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಎದುರುಬದುರಿನಿಂದ ತೂರಿಸಿ ಎಳೆಯುವುದು ಜೀನಿನ ಹೊಲಿಗೆ. ಒಂದು ಕಡೆ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಮಷೀನು ಹೊಲಿಗೆ ಹಾಗಲ್ಲ, ಒಂದು ಬಿಟ್ಟರೆ ಸಾಲೇ ಬಿಚ್ಚುತ್ತದೆ. ಹೊಸ ತೂತು ಹೊಡೆಯದೆ ಹಳೆಯ ತೂತುಗಳಲ್ಲೇ ಹೊಲಿಯಬೇಕು. ಹೊಟ್ಟೆಪಟ್ಟಿಯ ಬಕಲು ಹಾಕುವ ಚರ್ಮ ಹೊಸದಾಗಿದ್ದರೂ ಅದನ್ನು ಹಿಡಿದಿರುವ ಕ್ಯಾನ್ವಾಸ್ ನವಾರು ಆಸನದಡಿ ಮೊಳೆಯ ತುಕ್ಕಿಗೆ ಕೊಳೆತಿರಬಹುದು. ಬಿಚ್ಚಿ ನೋಡದೆ ತಿಳಿಯುವುದಿಲ್ಲ.

ಆದ್ದರಿಂದ ಕೈಹಾಕುವ ಮೊದಲೇ ಸವಾರಿಗೋ ಗೋಡೆಗೋ ತೀರ್ಮಾನಿಸಿಕೊಳ್ಳಿ. ಗೋಡೆಗಾದರೆ ಹಳೆಯ ತೇಪೆ, ಕಪ್ಪಾದ ದಾರ, ಒಳಗಿನ ಉಣ್ಣೆ ಏನನ್ನೂ ಬದಲಿಸಬೇಡಿ, ಸೇನೆಯ ಜೀನುಗಾರ ಹಾಕಿದ ತೇಪೆಯೂ ಅದರ ಇತಿಹಾಸವೇ. ಸವಾರಿಗಾದರೆ ರಿಕಾಬಿನ ಪಟ್ಟಿ, ಬಕಲು ಪಟ್ಟಿ, ನವಾರು ಹೊಸದಾಗಲಿ. ರಿಕಾಬು ಕಳಚದಿರಲೆಂದು ಅದರ ಕೊಂಡಿಯ ತುದಿಯ ಬಾಗಿಲು ಮುಚ್ಚಿರಬೇಕು ಎಂಬುದು ಕೊನೆಯ ತಪ್ಪು ನಂಬಿಕೆ. ಸವಾರ ಬಿದ್ದು ಕಾಲು ಸಿಕ್ಕಿಕೊಂಡಾಗ ಪಟ್ಟಿ ಜಾರಿ ಹೊರಬರಬೇಕಾದರೆ ಆ ಬಾಗಿಲು ತೆರೆದೇ ಇರಬೇಕು. ಹಳೆಯ ಜೀನುಗಳಲ್ಲಿ ಅದು ತುಕ್ಕು ಹಿಡಿದು ಮುಚ್ಚಿಕೊಂಡಿರುವುದುಂಟು. ಬಿಡಿಸಲಾಗದಿದ್ದರೆ ಆ ಜೀನಿನ ಮೇಲೆ ಯಾರನ್ನೂ, ಮುಖ್ಯವಾಗಿ ಮಕ್ಕಳನ್ನು, ಹತ್ತಿಸಬೇಡಿ.