ಊರು ಬಿಟ್ಟು ಹೊರಟ ತಂಡಕ್ಕೆ ಚಪ್ಪಾಳೆ ತಟ್ಟೋದು ಹೇಗೆ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ಗೆ 2024ರ ಜುಲೈನಲ್ಲಿ ಆಲ್-ಸ್ಟಾರ್ ಬಿಡುವು ಬಂದಿತ್ತು. ಇದನ್ನ ಅರ್ಧದಾರಿ ಅಂತಾರೆ. ಆದ್ರೆ 162 ಪಂದ್ಯಗಳಲ್ಲಿ ನಮ್ಮ ಓಕ್ಲೆಂಡ್ ಅಥ್ಲೆಟಿಕ್ಸ್ ಆಗಲೇ 98 ಆಡಿ ಮುಗಿಸಿತ್ತು. 37 ಗೆಲುವು, 61 ಸೋಲು, ವಿಭಾಗದಲ್ಲಿ ಕೊನೇ ಸ್ಥಾನ.

ಹಾಗಂತ ಬೇಜಾರೇನಿರಲಿಲ್ಲ. 2023ರಲ್ಲಿ ಇದೇ ತಂಡ 112 ಪಂದ್ಯ ಸೋತಿತ್ತು. 2024ರ ಜುಲೈ 14ರಂದು ಫಿಲಡೆಲ್ಫಿಯಾಗೆ ಹೋಗಿ 18-3ರಿಂದ ಗೆದ್ದು ಬಂತು. ಎಂಟು ಹೋಮ್ ರನ್, ಅದರಲ್ಲಿ ಮೂರು ಲಾರೆನ್ಸ್ ಬಟ್ಲರ್ ಒಬ್ಬರದೇ. ಗಂಟೆಗೆ 100 ಮೈಲಿ ದಾಟಿ ಎಸೆಯುವ ಮೇಸನ್ ಮಿಲ್ಲರ್ ಆಗ ಆಲ್-ಸ್ಟಾರ್ ತಂಡದಲ್ಲಿದ್ದರು. ಎರಡು ವರ್ಷ ಕಾದರೆ ಒಳ್ಳೇ ತಂಡ ಆಗುತ್ತೆ ಅನ್ನೋ ಲಕ್ಷಣ ಕಾಣ್ತಿತ್ತು. ಆದ್ರೆ ಆ ತಂಡ ಓಕ್ಲೆಂಡಿನದ್ದಾಗಿರಲ್ಲ.

1968ರಿಂದ ಇಲ್ಲಿದ್ದು ನಾಲ್ಕು ವರ್ಲ್ಡ್ ಸೀರೀಸ್ ಗೆದ್ದ ತಂಡ 2024ರ ಋತು ಮುಗಿದ ಮೇಲೆ ಸ್ಯಾಕ್ರಮೆಂಟೊಗೆ ಹೊರಟಿತು. ಅಲ್ಲಿ ಕೆಳಹಂತದ ಲೀಗಿನ ಪುಟ್ಟ ಮೈದಾನದಲ್ಲಿ ಕನಿಷ್ಠ ಮೂರು ವರ್ಷ ಬಿಡಾರ, ಆಮೇಲೆ ಲಾಸ್ ವೇಗಸ್. ಸ್ಯಾಕ್ರಮೆಂಟೊದಲ್ಲಿರುವಾಗ ಹೆಸರಿನ ಜೊತೆ ಯಾವ ಊರೂ ಇರಲ್ಲವಂತೆ, ಬರೀ 'ಅಥ್ಲೆಟಿಕ್ಸ್'.

ಯಾಕೆ ಅಂತ ಕೇಳಿದ್ರೆ, 'ಜನ ಮೈದಾನಕ್ಕೆ ಬರಲ್ಲ' ಅನ್ನೋ ಉತ್ತರ ಸಿದ್ಧವಾಗಿರುತ್ತೆ. ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್ಮನ್, ಶಾನ್ ಮರ್ಫಿಯಂಥ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಕಳಿಸಿ, ಟಿಕೆಟ್ ದರ ಏರಿಸಿ, ಹಳೇ ಕೊಲಿಸಿಯಂ ಮೈದಾನವನ್ನ ಹಾಳುಬಿದ್ದ ಹಾಗೆ ಬಿಟ್ಟರೆ ಯಾರು ಬರ್ತಾರೆ? 2023ರ ಜೂನ್ 13ರಂದು ಅಭಿಮಾನಿಗಳು ಒಂದು 'ಉಲ್ಟಾ ಬಹಿಷ್ಕಾರ' ಮಾಡಿದರು. ಆ ಮಂಗಳವಾರ ರಾತ್ರಿ 27,759 ಜನ ಬಂದು, 'ಸೆಲ್' ಅಂತ ಬರೆದ ಹಸಿರು ಟೀ-ಶರ್ಟ್ ಹಾಕ್ಕೊಂಡು, ತಂಡವನ್ನ ಮಾರಿಬಿಡಿ ಅಂತ ಮಾಲೀಕ ಜಾನ್ ಫಿಶರ್‌ಗೆ ಕೂಗಿ ಹೇಳಿದರು. ಎರಡೇ ದಿನಕ್ಕೆ ನೆವಾಡಾ ಗವರ್ನರ್ ಲಾಸ್ ವೇಗಸ್ ಸ್ಟೇಡಿಯಂಗೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆಗೆ ಸಹಿ ಹಾಕಿದರು. ಫಿಶರ್ ಏನೂ ಬಡವರಲ್ಲ, ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದವರ ಮಗ.

ಅಲ್ಲಿನ ಶಿಕ್ಷಕರ ಸಂಘ ಸುಮ್ಮನೆ ಕೂರಲಿಲ್ಲ. ಸ್ಟೇಡಿಯಂಗಿಂತ ಶಾಲೆ ಮೊದಲು ಅಂತ ಈ ಹಣದ ಪ್ರಶ್ನೆಯನ್ನ ಮತದಾರರ ಮುಂದಿಡಲು ಹೊರಟಿತು. ಆ ಅರ್ಜಿ ಕಾನೂನುಬದ್ಧವಾಗಿಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತಳ್ಳಿಹಾಕಿತು.

ಒಂದು ಊರು ತನ್ನ ತಂಡವನ್ನ ಹಿಡಿದಿಟ್ಟುಕೊಳ್ಳೋಕೆ ಯಾಕೆ ಆಗಲ್ಲ? ಇದರ ಬೇರು 1922ರಲ್ಲಿದೆ. ಬೇಸ್‌ಬಾಲ್ ಪ್ರದರ್ಶನ ರಾಜ್ಯ-ರಾಜ್ಯಗಳ ನಡುವಿನ ವ್ಯಾಪಾರವೇ ಅಲ್ಲ, ಹಾಗಾಗಿ ಏಕಸ್ವಾಮ್ಯ ವಿರೋಧಿ ಕಾನೂನು ಇದಕ್ಕೆ ಅನ್ವಯಿಸಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಆಗ ಹೇಳಿತು. ಇವತ್ತು ಕೇಳಿದ್ರೆ ನಗು ಬರುತ್ತೆ, ಆದ್ರೆ ಆ ವಿನಾಯಿತಿ ಬಹುಪಾಲು ಹಾಗೇ ಉಳಿದಿದೆ. ಇರೋದೇ 30 ತಂಡ. ಹೊಸ ತಂಡ ಬೇಕಾ, ಯಾರು ಎಲ್ಲಿಗೆ ಹೋಗಬಹುದು ಅನ್ನೋದನ್ನ ಮಾಲೀಕರೇ ತೀರ್ಮಾನಿಸ್ತಾರೆ. ತಂಡ ಕಡಿಮೆ, ಕಾದು ಕೂತ ಊರು ಜಾಸ್ತಿ, ಹಾಗಾಗಿ ಊರುಗಳೇ ಪೈಪೋಟಿಗೆ ಬಿದ್ದು ಖಜಾನೆ ತೆರೀತವೆ.

ಇದೇ ಅಥ್ಲೆಟಿಕ್ಸ್ 2006ರಲ್ಲಿ, ಕನ್ನಡದ ಮನೆಗಳೂ ಸಾಕಷ್ಟಿರುವ ಫ್ರೀಮಾಂಟ್‌ಗೆ ಬರ್ತೀವಿ ಅಂದಿತ್ತು, ಬರಲಿಲ್ಲ. ಮುಂದೆ ಸ್ಯಾನ್ ಹೊಸೆಗೆ ಹೋಗಲು ನೋಡಿತು. ಅದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಸರಹದ್ದು ಅಂತ ಅಡ್ಡಿ ಬಂತು. ಸ್ಯಾನ್ ಹೊಸೆ ನಗರ 2013ರಲ್ಲಿ ಲೀಗ್ ವಿರುದ್ಧ ಕೋರ್ಟಿಗೆ ಹೋಗಿ, ಅದೇ 1922ರ ವಿನಾಯಿತಿ ಎದುರು ಸೋತಿತು. ಆವತ್ತು ಪಕ್ಕದೂರಿಗೂ ಬಿಡದ ಲೀಗ್, 2023ರ ನವೆಂಬರ್‌ನಲ್ಲಿ ಇನ್ನೊಂದು ರಾಜ್ಯಕ್ಕೆ ಹೋಗಲು ಒಪ್ಪಿಗೆ ಕೊಟ್ಟಿತು. ಮಾಲೀಕರ ಮತ 30-0.

ಹಾಗಾಗಿ ಆ ಬಿಡುವಿನಲ್ಲಿ ಓಕ್ಲೆಂಡ್ ಅಭಿಮಾನಿಗೆ ಅಂಕಪಟ್ಟಿ ನೋಡೋ ಮನಸ್ಸಿರಲಿಲ್ಲ. ಮೈದಾನಕ್ಕೆ ಹೋದರೆ ಟಿಕೆಟ್ ದುಡ್ಡು ಫಿಶರ್ ಜೇಬಿಗೆ, ಹೋಗದಿದ್ದರೆ 'ನೋಡಿ, ಜನ ಬರಲ್ಲ' ಅನ್ನೋ ಮಾತಿಗೆ ನಾವೇ ಸಾಕ್ಷಿ. ವೆಸ್ಟ್ ಓಕ್ಲೆಂಡಿನಲ್ಲಿ 2024ರಲ್ಲಿ ಬಾಲರ್ಸ್ ಅನ್ನೋ ಹೊಸ ಸಣ್ಣ ತಂಡ ಆಟ ಶುರು ಮಾಡಿತು, ಕೆಲವರು ಅತ್ತ ಹೊರಟರು. ನನಗೆ ಬಟ್ಲರ್ ಬ್ಯಾಟಿಂಗ್ ಬಿಡೋಕಾಗಲಿಲ್ಲ. ಕೊಲಿಸಿಯಂನಲ್ಲಿ ಕೊನೇ ಪಂದ್ಯ 2024ರ ಸೆಪ್ಟೆಂಬರ್ 26ಕ್ಕೆ ಇತ್ತು, ಟೆಕ್ಸಸ್ ವಿರುದ್ಧ. ಹೋಗ್ಬೇಕು ಅಂದ್ಕೊಂಡಿದ್ದೆ, ಹಸಿರು ಟೀ-ಶರ್ಟ್ ಹಾಕ್ಕೊಂಡೇ.