ನೇಪಾಳವೋ ಭೂತಾನವೋ: ಒಂದು ಖರ್ಚಿನ ಲೆಕ್ಕ

ಹಿಂದಿನ ವರ್ಷ ಎರಡನೆಯ ಬಿ.ಎ. ಪರೀಕ್ಷೆ ಮುಗಿದೊಡನೆ ಹಿಮಾಲಯವನ್ನು ನೋಡಿಬರಬೇಕೆಂದು ನಾವು ನಾಲ್ವರು ಗೆಳೆಯರು ನಿಶ್ಚಯಿಸಿದೆವು. ನಿಶ್ಚಯಿಸುವುದಕ್ಕೆ ಹಣ ಬೇಕಿಲ್ಲವಾದ್ದರಿಂದ ಆ ಕೆಲಸ ಬೇಗ ಮುಗಿಯಿತು. ಎಲ್ಲಿಗೆ ಎಂಬಲ್ಲಿ ಒಡಕು ಬಂದಿತು. ನಾನೂ ಇನ್ನೊಬ್ಬನೂ ನೇಪಾಳವೆಂದೆವು, ಮೂರನೆಯವನು ಭೂತಾನವೆಂದ. ನಾಲ್ಕನೆಯವನು ಏನೂ ಹೇಳಲಿಲ್ಲ. ಅವನು ಬೆಳಗ್ಗೆ ಮನೆಮನೆಗೆ ಪತ್ರಿಕೆ ಹಾಕಿ ಅನಂತರ ಕಾಲೇಜಿಗೆ ಬರುವವನು. ಅವನು ಕೂಡಿಟ್ಟಿದ್ದುದು 12,000 ರೂಪಾಯಿ. ಅದು ಸಾಲದಿದ್ದರೆ, ಯಾರಲ್ಲೂ ಕೈಯೊಡ್ಡದೆ, ಏನಾದರೊಂದು ನೆಪ ಹೇಳಿ ಊರಿನಲ್ಲಿಯೇ ಉಳಿಯುತ್ತಾನೆಂದು ನಮಗೆ ಗೊತ್ತಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯೆಂಬ ಕಾರಣಕ್ಕೆ ಲೆಕ್ಕ ಹಾಕುವ ಹೊಣೆ ನನ್ನ ತಲೆಗೆ ಬಂದಿತು.

ಮೊದಲು ನಾನು ತಪ್ಪು ಲೆಕ್ಕವನ್ನೇ ಹಾಕಿದೆ. ಭೂತಾನ ದುಬಾರಿ, ನೇಪಾಳ ಅಗ್ಗ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅಮೆರಿಕದವನಿಗೋ ಜರ್ಮನಿಯವನಿಗೋ ಅದು ನಿಜ. ಅವನು ನೇಪಾಳದಲ್ಲಿ 30 ಡಾಲರು ಕೊಟ್ಟರೆ ಹದಿನೈದು ದಿನಗಳ ವೀಸಾ ಸಿಗುತ್ತದೆ. ಭೂತಾನದಲ್ಲಾದರೆ ವೀಸಾದ ಹಣವಲ್ಲದೆ, ತಂಗುವ ಪ್ರತಿಯೊಂದು ರಾತ್ರಿಗೂ 100 ಡಾಲರು ಸರ್ಕಾರಕ್ಕೆ ಕಟ್ಟಬೇಕು. ಇದರಲ್ಲಿ ಊಟವೂ ಸೇರಿಲ್ಲ, ಹಾಸಿಗೆಯೂ ಸೇರಿಲ್ಲ. ಆದರೆ ನಾವು ಅಮೆರಿಕದವರಲ್ಲವಲ್ಲ! ನಮಗೆ ನೇಪಾಳಕ್ಕೆ ವೀಸಾ ಬೇಡವೇ ಬೇಡ. ಭೂತಾನದ ಶುಲ್ಕ ರಾತ್ರಿಗೆ 1,200 ರೂಪಾಯಿ ಮಾತ್ರ. ಜೇಬಿನಲ್ಲಿರುವ ಹಣಕ್ಕಿಂತ ಕೈಯಲ್ಲಿರುವ ಗುರುತಿನ ಚೀಟಿಯೇ ಪ್ರವಾಸದ ಬೆಲೆಯನ್ನು ಮೊದಲು ಗೊತ್ತುಮಾಡುತ್ತದೆಂದು ನನಗೆ ತಿಳಿದುದು ಆಗ.

ಭೂತಾನದವರು ಈ ಶುಲ್ಕವನ್ನೇಕೆ ವಿಧಿಸಿದರು? ಆ ದೇಶ ಹೊರಗಿನ ಪ್ರವಾಸಿಗಳಿಗೆ ಬಾಗಿಲು ತೆರೆದುದು 1974ರಲ್ಲಿ, ಜಿಗ್ಮೆ ಸಿಂಗ್ಯೆ ವಾಂಗ್ಚುಕ್ ಅವರ ಪಟ್ಟಾಭಿಷೇಕದ ವರ್ಷ. ಬರುವವರು ಕಡಿಮೆಯಿರಲಿ, ಬರುವ ಹಣ ಹೆಚ್ಚಿರಲಿ ಎಂಬುದು ಆಗಿನಿಂದಲೂ ಅವರ ನೀತಿ. ಭಾರತೀಯರಿಗೆ ಮಾತ್ರ ಬಹುಕಾಲ ಈ ಶುಲ್ಕವಿರಲಿಲ್ಲ. 2019ರಲ್ಲಿ ಅಲ್ಲಿಗೆ ಹೋದವರು ಸುಮಾರು 3,15,000 ಮಂದಿ. ಅವರಲ್ಲಿ 2,30,000ಕ್ಕೂ ಹೆಚ್ಚು ಜನ ನಮ್ಮವರೇ. ಎಂಟು ಲಕ್ಷವೂ ಇಲ್ಲದ ಜನಸಂಖ್ಯೆಯ ದೇಶಕ್ಕೆ ಇದು ಸಣ್ಣ ಸಂತೆಯಲ್ಲ. 2020ರಲ್ಲಿ ಕಾನೂನು ಮಾಡಿ ನಮಗೂ 1,200ರ ಶುಲ್ಕವನ್ನು ಗೊತ್ತುಮಾಡಿದರು. ಉಳಿದ ವಿದೇಶೀಯರ ಶುಲ್ಕವನ್ನು 2022ರ ಸೆಪ್ಟೆಂಬರಿನಲ್ಲಿ 65 ಡಾಲರಿನಿಂದ ಒಮ್ಮೆಗೇ 200ಕ್ಕೆ ಏರಿಸಿ ನೋಡಿದರು. ಬರುವವರ ಸಂಖ್ಯೆ ಕುಗ್ಗಿತು. ಮರುವರ್ಷವೇ 100ಕ್ಕೆ ಇಳಿಸಿದರು. ತರಗತಿಯಲ್ಲಿ ಬೇಡಿಕೆಯ ನಿಯಮವನ್ನು ಹಲಗೆಯ ಮೇಲೆ ಗೆರೆಯೆಳೆದು ಕಲಿತಾಗ ನನಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಇನ್ನು ನಮ್ಮ ಲೆಕ್ಕ. ಬೆಂಗಳೂರಿನಿಂದ ನೇಪಾಳಕ್ಕೆ ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿಯ ಗಡಿಗೆ ಬಸ್ಸು. ಭೂತಾನಕ್ಕಾದರೆ ಬಂಗಾಳದ ಹಾಸಿಮಾರದವರೆಗೆ ರೈಲು, ಅನಂತರ ಗಡಿಯೂರಾದ ಫುಂಟ್‌ಶೋಲಿಂಗ್. ರೈಲಿನ ಖರ್ಚಿನಲ್ಲಿ ಜಗಳವಾಡುವಷ್ಟು ಅಂತರವಿಲ್ಲ. ಅಂತರವಿರುವುದು ಗಡಿಯ ಆಚೆ. ಆರು ರಾತ್ರಿಗಳಿಗೆ ಭೂತಾನದ ಶುಲ್ಕವೇ 7,200 ರೂಪಾಯಿ. ಗೆಳೆಯನ ಹನ್ನೆರಡು ಸಾವಿರದಲ್ಲಿ ಅದನ್ನು ಕಳೆದರೆ ಉಳಿಯುವುದು 4,800. ಅಷ್ಟರಲ್ಲಿಯೇ ಹೋಗಿಬರುವ ರೈಲು, ಬಸ್ಸು, ಕೋಣೆ, ಊಟ ಎಲ್ಲವೂ ಆಗಬೇಕು. ಥಿಂಪು, ಪಾರೋ ಬಿಟ್ಟು ಒಳಗೆ ಹೋಗುವುದಾದರೆ ಮಾರ್ಗದರ್ಶಿಯ ಸಂಬಳ ಬೇರೆ.

ಇಲ್ಲಿಯೇ ನನಗೆ ಮುಖ್ಯವಾದ ವಿಷಯ ಹೊಳೆದುದು. ಖರ್ಚಿನಲ್ಲಿ ಎರಡು ಬಗೆ: ನಾವು ಹಿಡಿತ ಮಾಡಬಹುದಾದದ್ದು, ಮಾಡಲಾಗದ್ದು. ಹೋಟೆಲು ದುಬಾರಿಯಾದರೆ ಧರ್ಮಶಾಲೆಯಲ್ಲಿ ಮಲಗಬಹುದು. ಮೋಟಾರು ದುಬಾರಿಯಾದರೆ ನಡೆಯಬಹುದು. ರಾತ್ರಿಗಿಷ್ಟು ಎಂಬ ಶುಲ್ಕದ ಮುಂದೆ ಬಡವನ ಈ ಜಾಣತನ ನಡೆಯದು. ಭೂತಾನ ತನ್ನ ಹಣವನ್ನು ಬಾಗಿಲಲ್ಲಿಯೇ ತೆಗೆದುಕೊಳ್ಳುತ್ತದೆ. ನೇಪಾಳ ಬಾಗಿಲು ತೆರೆದಿಟ್ಟು, ಏರಿದಷ್ಟಕ್ಕೆ ಮಾತ್ರ ಬೆಲೆ ಕೇಳುತ್ತದೆ. ಎವರೆಸ್ಟ್ ಹತ್ತಬೇಕೆನ್ನುವ ವಿದೇಶೀಯ 2025ರ ಸೆಪ್ಟೆಂಬರಿನಿಂದ 15,000 ಡಾಲರು ಕೊಡಬೇಕು, ಅದಕ್ಕೆ ಮೊದಲು 11,000 ಇತ್ತು. ಹತ್ತದವನಿಗೆ ಆ ಚಿಂತೆಯಿಲ್ಲ. ಅನ್ನಪೂರ್ಣಾ ಪ್ರದೇಶದಲ್ಲಿ ಕಾಲಿಡಲು ಇತರರಿಗೆ 3,000 ನೇಪಾಳಿ ರೂಪಾಯಿ, ಸಾರ್ಕ್ ದೇಶಗಳವರಾದ ನಮಗೆ 1,000.

ಆ ಸಾವಿರ ನಮ್ಮ 625 ರೂಪಾಯಿಗೆ ಸಮ. ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು ಎಂಬ ದರ 1993ರಿಂದ ಬದಲಾಗಿಲ್ಲ. ಭೂತಾನದ ನ್ಗುಲ್ಟ್ರಮ್ ಆದರೋ ನಮ್ಮ ರೂಪಾಯಿಗೆ ಸರಿಸಮ, ತಲೆನೋವಿಲ್ಲ. ನೇಪಾಳಕ್ಕೆ ಹೋಗುವವರು ಒಂದು ಮಾತು ನೆನಪಿಡಬೇಕು. ಅಂಗಡಿಯವನು ಬೆಲೆ ಹೇಳಿದಾಗ "ಐಸಿಯೋ, ಎನ್‌ಸಿಯೋ?" ಎಂದು ಕೇಳಿಯೇ ಹಣ ಕೊಡಬೇಕು. ಐಸಿ ಎಂದರೆ ನಮ್ಮ ನಾಣ್ಯ, ಎನ್‌ಸಿ ಎಂದರೆ ಅವರದು. ಸುನೌಲಿಯಿಂದ ಹೊರಟ ಮೊದಲ ದಿನ ನಾನು ಕೇಳದೆ ನಾಲ್ಕು ನೂರರ ಊಟಕ್ಕೆ ನಮ್ಮ ನಾಲ್ಕು ನೂರನ್ನೇ ಕೊಟ್ಟು ಬಂದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯ ಈ ಸಾಹಸವನ್ನು ಗೆಳೆಯರು ಪ್ರವಾಸವಿಡೀ ಮರೆಯಲಿಲ್ಲ.

ಹೌದು, ನಾವು ನೇಪಾಳಕ್ಕೇ ಹೋದೆವು, ನಾಲ್ವರೂ. ಪೋಖರಾದಲ್ಲಿ ಒಂದೇ ಕೋಣೆಯಲ್ಲಿ ನಾಲ್ವರು ಮಲಗಿದೆವು. ಎರಡು ಹೊತ್ತೂ ದಾಲ್‌ಭಾತ್ ಉಂಡೆವು. ಅನ್ನ, ಬೇಳೆ, ಪಲ್ಯವನ್ನು ಎಷ್ಟು ಸಲ ಕೇಳಿದರೂ ಬಡಿಸುತ್ತಾರೆ, ಬೆಲೆ ಒಂದೇ. ಘಾಂದ್ರೂಕಿನ ಕಡೆಗೆ ಏರುತ್ತ ಹೋದಂತೆ ಅದೇ ಊಟದ ಬೆಲೆಯೂ ಏರಿತು. ಅಕ್ಕಿಯ ಚೀಲ ಹೊತ್ತು ನಮ್ಮನ್ನು ದಾಟಿ ಹೋದ ಹೇಸರಗತ್ತೆಗಳನ್ನು ಕಂಡ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ. ಊರಿಗೆ ಮರಳಿದಾಗ ಪತ್ರಿಕೆ ಹಾಕುವ ಗೆಳೆಯನ ಬಳಿ ಇನ್ನೂ ಸಾವಿರದ ಚಿಲ್ಲರೆ ಉಳಿದಿತ್ತು.

ಹಾಗೆಂದು ಭೂತಾನದವರದು ಅನ್ಯಾಯವೆಂದು ನಾನು ಹೇಳಲಾರೆ. ಅಲ್ಲಿ ಶಾಲೆ, ಆಸ್ಪತ್ರೆಗಳು ಪ್ರಜೆಗಳಿಗೆ ಉಚಿತ. ಸರ್ಕಾರದ ಬೊಕ್ಕಸಕ್ಕೆ ಈ ಶುಲ್ಕವೂ ಸೇರುತ್ತದೆ. ನಮ್ಮ ಕೆಲವು ಬೆಟ್ಟಗಳಲ್ಲಿ ರಜೆಯ ದಿನ ರಸ್ತೆಯುದ್ದಕ್ಕೂ ನಿಲ್ಲುವ ಮೋಟಾರುಗಳ ಸಾಲನ್ನು ಕಂಡವರು ಅವರ ಭಯವನ್ನು ಅರ್ಥಮಾಡಿಕೊಳ್ಳಬಲ್ಲರು. ಈ ಮಾತನ್ನು ಗೆಳೆಯನಿಗೆ ಹೇಳಿದೆ. ಅವನು ಭೂತಾನಕ್ಕಾಗಿ ಬೇರೊಂದು ಡಬ್ಬಿಯಲ್ಲಿ ಹಣ ಹಾಕತೊಡಗಿದ್ದಾನಂತೆ. ಅಲ್ಲಿಗೆ ಆಧಾರ್ ಸಾಲದು, ಪಾಸ್‌ಪೋರ್ಟಾಗಲಿ ಮತದಾರರ ಚೀಟಿಯಾಗಲಿ ಇರಬೇಕೆಂದು ನಾನು ಎಚ್ಚರಿಸಿದ ಮೇಲೆ, ಕಳೆದ ವಾರ ತಾಲ್ಲೂಕು ಕಚೇರಿಗೆ ಹೋಗಿ ಮತದಾರರ ಚೀಟಿಗೆ ಅರ್ಜಿ ಕೊಟ್ಟು ಬಂದ.